ಸಭೆಯ ಮುಂದೆ ನಿಂತು ತೋರಾ ಓದಿದ್ದು

ಯೆಹೂದಿ ಗಂಡುಹುಡುಗನಿಗೆ 13 ತುಂಬಿದರೆ ಬಾರ್ ಮಿಟ್ಸ್ವಾ ಮಾಡುತ್ತಾರೆ. ಅವತ್ತು ಅವನು ಸಿನಗಾಗಿನಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಎಲ್ಲರ ಮುಂದೆ ನಿಂತು ಧರ್ಮಗ್ರಂಥವಾದ ತೋರಾದ ಸುರುಳಿಯಿಂದ ಒಂದು ಭಾಗವನ್ನು ರಾಗವಾಗಿ ಓದುತ್ತಾನೆ. ಅಲ್ಲಿಂದ ಮುಂದೆ ಧರ್ಮದ ಲೆಕ್ಕದಲ್ಲಿ ಅವನು ದೊಡ್ಡವನು. ಹೆಣ್ಣುಮಕ್ಕಳು 12ಕ್ಕೇ ದೊಡ್ಡವರಾಗುತ್ತಾರೆ ಎನ್ನುತ್ತದೆ ಶಾಸ್ತ್ರ. ಆದರೆ ಅವರಿಗೆ ಅಂತ ಸಭೆಯಲ್ಲಿ ಏನೂ ಮಾಡುತ್ತಿರಲಿಲ್ಲ. 1922ರ ಮಾರ್ಚಿನಲ್ಲಿ ನ್ಯೂಯಾರ್ಕಿನ ರಬ್ಬಿ, ಅಂದರೆ ಧರ್ಮಗುರು, ಮೊರ್ಡೆಕೈ ಕಪ್ಲಾನ್ ತಮ್ಮ ಮಗಳು ಜೂಡಿತ್‌ಳನ್ನು ಸಭೆಯ ಮುಂದೆ ನಿಲ್ಲಿಸಿ ಓದಿಸಿದರು. ಅಮೆರಿಕದ ಮೊದಲ ಬಾತ್ ಮಿಟ್ಸ್ವಾ ಅಂತ ಅದನ್ನೇ ಹೇಳುತ್ತಾರೆ. ಆ ಹುಡುಗಿ ಕೂಡ ಸುರುಳಿಯಿಂದ ಓದಲಿಲ್ಲ. ಸ್ವಲ್ಪ ದೂರದಲ್ಲಿ ನಿಂತು, ಅಚ್ಚಾದ ಪುಸ್ತಕ ನೋಡಿಕೊಂಡು ಓದಿದಳು.

ನಾನು ಸುರುಳಿಯಿಂದಲೇ ಓದಿದೆ. ನಲವತ್ತು ದಾಟಿದ ಮೇಲೆ, ಬೋಸ್ಟನ್ ಹತ್ತಿರದ ಒಂದು ಊರಿನಲ್ಲಿ. ಅದಕ್ಕೆ ಹೇಗೆ ತಯಾರಾದೆ, ದಾರಿಯಲ್ಲಿ ಯಾರ್ಯಾರು ಏನೇನು ಹೇಳಿದರು ಎಂಬುದನ್ನು ಬರೆಯಬೇಕು ಅನ್ನಿಸಿದೆ. ಹೆಣ್ಣು, ದೇವರು, ಸಮಾನತೆ ಎಂಬ ಮಾತು ಬಂದರೆ ಸಾಕು, ‘ನಂಬಿಕೆ ಬಿಟ್ಟು ಹೊರಗೆ ಬಾ, ಇಲ್ಲಾ ಒಳಗಿದ್ದು ಬಾಯಿ ಮುಚ್ಚಿಕೊಂಡಿರು’ ಎಂದು ಎರಡೇ ದಾರಿ ಇರುವ ಹಾಗೆ ಜನ ಮಾತಾಡುತ್ತಾರೆ. ನಾನು ಕಂಡ ಹೆಂಗಸರು ಎರಡಕ್ಕೂ ಒಪ್ಪದವರು.

ನಾವು ಬೆನೆ ಇಸ್ರೇಲ್, ಭಾರತದ ಒಂದು ಯೆಹೂದಿ ಸಮುದಾಯ. ಕೊಂಕಣದ ಕಡಲಲ್ಲಿ ಹಡಗು ಒಡೆದು ನವಗಾಂವ್ ದಡ ಸೇರಿದ ಏಳು ಜೋಡಿ ಗಂಡಹೆಂಡಿರ ಸಂತಾನ ನಾವು ಎಂಬುದು ಹಿರಿಯರ ನಂಬಿಕೆ. ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಸಬ್ಬತ್, ಅಂದರೆ ಕೆಲಸ ಬಿಡುವ ದಿನ, ಅಂತ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೆ ಊರವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದರು. ಬ್ರಿಟಿಷರ ಕಾಲದಲ್ಲಿ ತುಂಬಾ ಮಂದಿ ಸೈನ್ಯ, ರೈಲ್ವೆ ಸೇರಿದರು. ನಮ್ಮಜ್ಜ ಹುಬ್ಬಳ್ಳಿಗೆ ಬಂದದ್ದು ರೈಲ್ವೆ ಕೆಲಸಕ್ಕೆ. ಅಪ್ಪನೂ ಅಲ್ಲೇ ಕೆಲಸ ಮಾಡಿದರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ, ಶಾಲೆಯಲ್ಲಿ ಕನ್ನಡ. ನಾನು ಲೆಕ್ಕ ಹಾಕುವುದು, ಜಗಳ ಆಡುವುದು ಈಗಲೂ ಕನ್ನಡದಲ್ಲೇ.

ಶುಕ್ರವಾರ ಸಂಜೆ ಆಯಿ, ಅಂದರೆ ಅಮ್ಮ, ದೀಪ ಹಚ್ಚುತ್ತಿದ್ದಳು. ಹರಕೆ ತೀರಿದಾಗ, ಮನೆಯಲ್ಲಿ ಶುಭಕಾರ್ಯ ಆದಾಗ ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಲಿದಾ ಮಾಡುತ್ತಿದ್ದೆವು. ನೆನೆಸಿದ ಅವಲಕ್ಕಿ, ಸಕ್ಕರೆ, ತೆಂಗಿನತುರಿ, ಏಲಕ್ಕಿ, ತಟ್ಟೆಯ ಸುತ್ತ ಹಣ್ಣು. ತುರಿಯುವುದು, ಕಲಸುವುದು, ಜೋಡಿಸುವುದು ಎಲ್ಲಾ ಹೆಂಗಸರದು. ತಟ್ಟೆಯ ಮುಂದೆ ಕೂತು ಮಂತ್ರ ಹೇಳುವುದು ಗಂಡಸರದು. ಮುಂಬೈಗೆ ನೆಂಟರ ಮನೆಗೆ ಹೋದಾಗ ಸಿನಗಾಗಿನಲ್ಲಿ ನಾವು ಮೇಲಿನ ಗ್ಯಾಲರಿಯಲ್ಲಿ ಕೂರುತ್ತಿದ್ದೆವು. ಕೆಳಗೆ ಸುರುಳಿ ಬಿಚ್ಚಿದಾಗ ಗಂಡಸರ ಟೋಪಿಗಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಅಜ್ಜ ಬೆಳಗಿನ ಪ್ರಾರ್ಥನೆಯಲ್ಲಿ ‘ನನ್ನನ್ನು ಹೆಣ್ಣಾಗಿ ಹುಟ್ಟಿಸದ ದೇವರೇ, ನಿನಗೆ ಸ್ತೋತ್ರ’ ಎಂದು ಹೇಳುತ್ತಿದ್ದರು. ಅದು ಹೀಬ್ರೂವಿನಲ್ಲಿ ಇದ್ದುದರಿಂದ ಅರ್ಥ ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ನಾನು ಕಾಲೇಜಿನಲ್ಲಿದ್ದೆ, ಅಜ್ಜ ಇರಲಿಲ್ಲ. ಅಷ್ಟು ಪ್ರೀತಿಯ ಮನುಷ್ಯ, ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವರು, ದಿನಾ ಬೆಳಗ್ಗೆ ಈ ಮಾತು ಹೇಳುತ್ತಿದ್ದರು. ಆ ಮಾತಿನಲ್ಲಿ ತಪ್ಪಿದೆ ಎಂದು ಅವರಿಗೆ ಅನ್ನಿಸಿದ್ದರೆ ಬಿಡುತ್ತಿದ್ದರು ಎಂಬ ನಂಬಿಕೆ ನನಗಿದೆ. ಯಾರೂ ಅವರನ್ನು ಕೇಳಿರಲಿಲ್ಲ. ಬೋಸ್ಟನ್ನಿನ ನಮ್ಮ ಸಿನಗಾಗಿನ ಪುಸ್ತಕದಲ್ಲಿ ಆ ಜಾಗದಲ್ಲಿ ಗಂಡಸರೂ ಹೆಂಗಸರೂ ‘ನನ್ನನ್ನು ನಿನ್ನ ರೂಪದಲ್ಲಿ ಸೃಷ್ಟಿಸಿದವನೇ’ ಎನ್ನುತ್ತಾರೆ.

ಈ ಬದಲಾವಣೆ ತಾನಾಗಿ ಬಂದದ್ದಲ್ಲ. 1972ರಲ್ಲಿ ಎಜ್ರತ್ ನಾಶಿಮ್ ಎಂಬ ಗುಂಪಿನ ಯುವತಿಯರು, ಕಟ್ಟಾ ಸಂಪ್ರದಾಯಕ್ಕೂ ಉದಾರ ಪಂಥಕ್ಕೂ ನಡುವಿನದಾದ ಕನ್ಸರ್ವೇಟಿವ್ ಪಂಥದ ರಬ್ಬಿಗಳ ಸಮ್ಮೇಳನಕ್ಕೇ ಹೋಗಿ ತಮ್ಮ ಬೇಡಿಕೆ ಮುಂದಿಟ್ಟರು. ನಮ್ಮನ್ನೂ ಲೆಕ್ಕಕ್ಕೆ ಹಿಡಿಯಿರಿ, ಸಾಕ್ಷಿಗಳಾಗಿ ಒಪ್ಪಿ, ರಬ್ಬಿ ಆಗಲು ಬಿಡಿ ಎಂದರು. ಮರುವರ್ಷ ಆ ಪಂಥದ ಶಾಸ್ತ್ರ ಸಮಿತಿ ಪ್ರಾರ್ಥನೆಗೆ ಬೇಕಾದ ಹತ್ತು ಜನರ ಕೋರಂನಲ್ಲಿ ಹೆಂಗಸರನ್ನೂ ಎಣಿಸಬಹುದು ಎಂದಿತು. 1985ರಲ್ಲಿ ಏಮಿ ಐಲ್ಬರ್ಗ್ ಆ ಪಂಥದ ಮೊದಲ ಮಹಿಳಾ ರಬ್ಬಿ ಆದರು. ಇನ್ನೂ ಉದಾರವಾದ ರಿಫಾರ್ಮ್ ಪಂಥದಲ್ಲಿ ಸ್ಯಾಲಿ ಪ್ರೀಸಂಡ್ 1972ರಲ್ಲೇ ಆಗಿದ್ದರು. ಇವರೆಲ್ಲರಿಗಿಂತ ಮುಂಚೆ, 1935ರಲ್ಲಿ, ಜರ್ಮನಿಯಲ್ಲಿ ರೆಗೀನಾ ಯೋನಾಸ್ ರಬ್ಬಿ ಆಗಿದ್ದರು. ನಾಜಿಗಳು ಅವರನ್ನು 1944ರಲ್ಲಿ ಔಶ್ವಿಟ್ಸ್‌ನಲ್ಲಿ ಕೊಂದರು. ಎಷ್ಟೋ ವರ್ಷ ಅವರ ಹೆಸರೇ ಯಾರಿಗೂ ನೆನಪಿರಲಿಲ್ಲ.

ನಮ್ಮ ಸಿನಗಾಗಿನ ರಬ್ಬಿಯೂ ಹೆಂಗಸೇ. ಅವರು ನಡೆಸುವ ಹೆಂಗಸರ ಓದಿನ ಗುಂಪಿಗೆ ನಾನು ಮೊದಲು ಹೋದದ್ದು ಸುಮ್ನೆ, ಪಕ್ಕದ ಮನೆಯವರು ಕರೆದರು ಅಂತ. ಅಮಾವಾಸ್ಯೆ ಕಳೆದು ಹೊಸ ತಿಂಗಳು ಹುಟ್ಟುವ ದಿನಕ್ಕೆ ರೋಶ್ ಖೋದೆಶ್ ಎನ್ನುತ್ತಾರೆ. ಹಳೆಯ ಕಾಲದಿಂದಲೂ ಅದು ಹೆಂಗಸರ ರಜೆಯ ದಿನ. ಅವತ್ತು ಯಾರಾದರೂ ಒಬ್ಬರ ಮನೆಯಲ್ಲಿ ಸೇರಿ ಒಂದು ಪುಟ ಓದಿ, ಊಟ ಮಾಡಿ ಏಳುತ್ತೇವೆ. ಬ್ರೂಕ್ಲಿನ್ನಿನ ಆರ್ಥೊಡಾಕ್ಸ್, ಅಂದರೆ ಕಟ್ಟಾ ಸಂಪ್ರದಾಯದ, ಮನೆಯಲ್ಲಿ ಹುಟ್ಟಿ ಈಗಲೂ ಆ ನೇಮ ಬಿಡದ ಒಬ್ಬ ಹಿರಿಯರು, ಹೆರಿಗೆ ವಾರ್ಡಿನ ನರ್ಸ್ ಒಬ್ಬರು, ದೇವರ ಬಗ್ಗೆ ಏನೂ ಹೇಳಲು ಇಷ್ಟಪಡದ ವಕೀಲೆಯೊಬ್ಬರು, ಹೀಗೆ ಎಲ್ಲ ಥರದವರೂ ಇದ್ದೇವೆ. ಒಂದು ಸಲ ರಬ್ಬಿ ನನ್ನನ್ನು ಕೇಳಿದರು: ‘ಜುಲೈನಲ್ಲಿ ಚಲ್ಪಹಾದನ ಹೆಣ್ಣುಮಕ್ಕಳ ಪಾಠ ಬರುತ್ತದೆ. ನೀವು ಓದುತ್ತೀರಾ?’

ಆ ಕಥೆ ಬೈಬಲ್ಲಿನ ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿದೆ. ಇಸ್ರೇಲರು ಮರುಭೂಮಿ ದಾಟಿ ನೆಲ ಹಂಚಿಕೊಳ್ಳುವ ಹೊತ್ತು. ಚಲ್ಪಹಾದ ಸತ್ತುಹೋಗಿದ್ದಾನೆ, ಗಂಡುಮಕ್ಕಳಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಹೆಣ್ಣುಮಕ್ಕಳು. ಅವರು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ಇಸ್ರೇಲರ ನಾಯಕ ಮೋಶೆ, ಮಹಾಯಾಜಕ, ಮುಖಂಡರು, ಇಡೀ ಸಭೆಯ ಎದುರು ನಿಂತು ಕೇಳುತ್ತಾರೆ. ಗಂಡುಮಗ ಇಲ್ಲ ಎಂಬ ಕಾರಣಕ್ಕೆ ಅಪ್ಪನ ಹೆಸರು ಯಾಕೆ ಅಳಿಯಬೇಕು? ಅಪ್ಪನ ಅಣ್ಣತಮ್ಮಂದಿರ ಜೊತೆ ನಮಗೂ ಪಾಲು ಕೊಡಿ. ಮೋಶೆಗೆ ಉತ್ತರ ತಿಳಿಯುವುದಿಲ್ಲ. ದೇವರನ್ನು ಕೇಳುತ್ತಾನೆ. ಅವರು ಹೇಳುವುದು ಸರಿ ಎನ್ನುತ್ತಾನೆ ದೇವರು. ಕಾನೂನು ಬದಲಾಗುತ್ತದೆ. ಒಟ್ಟು 11 ವಾಕ್ಯ.

ನಾನು ಒಪ್ಪಿಕೊಂಡೆ. ಕಲಿಕೆ ಶುರುವಾಯಿತು.

ತೋರಾ ಸುರುಳಿಯಲ್ಲಿ ಬರೀ ವ್ಯಂಜನಗಳಿರುತ್ತವೆ. ಕನ್ನಡದ ಒಂದು ಪುಟದಿಂದ ಕಾಗುಣಿತವನ್ನೆಲ್ಲಾ ಅಳಿಸಿ, ತಲೆಕಟ್ಟು, ಕೊಂಬು, ದೀರ್ಘ ಏನೂ ಇಲ್ಲದೆ, ಪೂರ್ಣವಿರಾಮವನ್ನೂ ತೆಗೆದು ಈಗ ಓದು ಎಂದರೆ ಹೇಗಿರುತ್ತದೋ ಹಾಗೆ. ಅದರ ಮೇಲೆ ಪ್ರತಿ ಪದಕ್ಕೂ ಒಂದು ರಾಗದ ಗುರುತು ಇದೆ. ವಾಕ್ಯದ ನಡುವೆ ನಿಲ್ಲುವ ಗುರುತು ಎತ್ನಖ್ತಾ, ಕೊನೆಗೆ ಬರುವುದು ಸೋಫ್ ಪಾಸುಕ್. ಎಲ್ಲಿ ಎಳೆಯಬೇಕು, ಎಲ್ಲಿ ಮುಂದಿನ ಪದಕ್ಕೆ ಕೂಡಿಸಬೇಕು ಎಲ್ಲಾ ಆ ಗುರುತುಗಳೇ ಹೇಳುತ್ತವೆ. ಸುರುಳಿಯಲ್ಲಿ ಅವೂ ಇರುವುದಿಲ್ಲ. ಕಲಿಯಲು ಟಿಕ್ಕುನ್ ಎಂಬ ಪುಸ್ತಕ ಇದೆ. ಒಂದು ಕಡೆ ಸ್ವರ, ರಾಗದ ಗುರುತು ಎಲ್ಲಾ ಸೇರಿಸಿ ಅಚ್ಚು ಮಾಡಿರುತ್ತಾರೆ. ಪಕ್ಕದಲ್ಲಿ ಅದೇ ಪಾಠ ಸುರುಳಿಯಲ್ಲಿ ಇರುವಂತೆ ಬರಿದಾಗಿ. ಒಂದು ಕಡೆ ಓದಿ, ಅದನ್ನು ಕೈಯಿಂದ ಮುಚ್ಚಿ, ಇನ್ನೊಂದು ಕಡೆ ನೋಡಿ ಹಾಡಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಆ ಪುಟದ ಜೆರಾಕ್ಸ್ ಅಂಟಿಸಿಕೊಂಡಿದ್ದೆ. ಒಗ್ಗರಣೆ ಸಿಡಿದು ಎಣ್ಣೆ ಕಲೆಯಾಗಿ ಎರಡನೇ ಪ್ರತಿ ತೆಗೆಸಬೇಕಾಯಿತು.

ರಾಗದ ವಿಷಯದಲ್ಲಿ ರಬ್ಬಿ ಒಂದು ಮಾತು ಕೇಳಿದರು. ‘ಗುರುತು ಎಲ್ಲರಿಗೂ ಒಂದೇ. ಆದರೆ ಪೋಲೆಂಡಿನವರ ರಾಗ ಬೇರೆ, ಬಾಗ್ದಾದಿನವರದು ಬೇರೆ. ನಿಮ್ಮ ಮನೆಯ ರಾಗ ಯಾವುದು?’ ಇಲ್ಲಿವರೆಗೆ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಮುಂಬೈ ಪಕ್ಕದ ಠಾಣೆ ಊರಿನಲ್ಲಿರುವ ಆಯಿಗೆ ಫೋನ್ ಹಚ್ಚಿದೆ. ಮಾಮಾ, ಅಂದರೆ ಅವಳ ತಮ್ಮ, ಅಲ್ಲಿನ ಸಭೆಯಲ್ಲಿ ಓದುತ್ತಾರೆ. ಆಯಿ ಮೊದಲು ಮಾತೇ ಆಡಲಿಲ್ಲ. ಆಮೇಲೆ ಹುಬ್ಬಳ್ಳಿ ಕನ್ನಡಕ್ಕೆ ಹೊರಳಿದಳು. ಸಿಟ್ಟು ಬಂದಾಗ ಅವಳಿಗೆ ಬರುವುದು ಅದೇ.

‘ಅಷ್ಟ್ ಮಂದಿ ಗಂಡಸರ ಮುಂದ ನಿಂತು ಓದ್ತೀಯೇನ? ಅವರ ಏನಂತಾರ?’

‘ಅವರೇ ಕರೆದಾರ, ಆಯಿ.’

‘ದೇವರ ಏನಂತಾನ?’

ಈ ಪ್ರಶ್ನೆಗೆ ಉತ್ತರ ಕೊಟ್ಟವರು ನಮ್ಮ ಗುಂಪಿನ ಆರ್ಥೊಡಾಕ್ಸ್ ಹಿರಿಯರು. ಅವರು ಹಳೆಯ ಕಾಲದ ರಬ್ಬಿಗಳ ಶಾಸ್ತ್ರಚರ್ಚೆಗಳಿರುವ ತಲ್ಮೂದ್ ಗ್ರಂಥವನ್ನು ದಿನಕ್ಕೊಂದು ಹಾಳೆಯಂತೆ ಓದುತ್ತಾರೆ. ಹಾಗೆ ಓದಿದರೆ ಇಡೀ ಗ್ರಂಥ ಮುಗಿಯಲು ಏಳೂವರೆ ವರ್ಷ ಬೇಕು. ನೂರಾರು ವರ್ಷ ಹೆಂಗಸರಿಗೆ ಆ ಗ್ರಂಥ ಕಲಿಸುತ್ತಿರಲಿಲ್ಲ. 2020ರ ಜನವರಿಯಲ್ಲಿ, ಒಂದು ಸುತ್ತು ಮುಗಿದಾಗ, ಜೆರುಸಲೇಮಿನಲ್ಲಿ ಸಾವಿರಾರು ಹೆಂಗಸರು ಸೇರಿ ಅದನ್ನು ಹಬ್ಬವಾಗಿ ಆಚರಿಸಿದರು. ನಮ್ಮ ಹಿರಿಯರು ಒಂದು ದಿನ ತಲ್ಮೂದಿನ ಮೆಗಿಲ್ಲಾ ಭಾಗದ 23ನೇ ಹಾಳೆಯನ್ನು ನಮ್ಮ ಮುಂದಿಟ್ಟರು. ಸಬ್ಬತ್ತಿನ ದಿನ ತೋರಾ ಓದಲು ಏಳು ಜನರನ್ನು ಕರೆಯುತ್ತಾರೆ. ಆ ಏಳರಲ್ಲಿ ಯಾರೂ ಸೇರಬಹುದು, ಹೆಣ್ಣು ಕೂಡ, ಎಂದು ಮೊದಲು ಹೇಳಿದೆ. ಮುಂದಿನ ಸಾಲಿನಲ್ಲೇ, ಆದರೆ ಹೆಣ್ಣು ಓದಬಾರದು, ಸಭೆಯ ಮರ್ಯಾದೆಗಾಗಿ, ಎಂದಿದೆ.

ಎರಡೇ ಸಾಲು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಣ್ಣು ಅಶುದ್ಧಳು ಎಂದು ಹೇಳಿಲ್ಲ. ದೇವರು ಬೇಡವೆಂದ ಎಂದೂ ಇಲ್ಲ. ಇರುವುದು ಸಭೆಯ ಮರ್ಯಾದೆ. ಈ ಮಾತು ನನಗೆ ಚೆನ್ನಾಗಿ ಗೊತ್ತು. ಹುಬ್ಬಳ್ಳಿಯ ಓಣಿಯಲ್ಲಿ ಪ್ರತಿ ಹುಡುಗಿಗೂ ಗೊತ್ತು. ಮನೆತನದ ಮರ್ಯಾದೆ, ಊರಿನ ಮರ್ಯಾದೆ, ನಾಕು ಮಂದಿ ಮುಂದೆ ಮರ್ಯಾದೆ. ಹೆಣ್ಣು ನಕ್ಕರೆ, ಓಡಿದರೆ, ಪಾಲು ಕೇಳಿದರೆ ಹೋಗುವಂಥದ್ದು. ಮರ್ಯಾದೆ ಅನ್ನೋದು ಜನ ಕಟ್ಟಿಕೊಂಡದ್ದು. ಜನ ಬದಲಾದರೆ ಅದೂ ಬದಲಾಗುತ್ತದೆ. ನಮ್ಮ ಸಿನಗಾಗಿನವರು ಹಿಡಿದ ವಾದ ಇದೇ. ಅರ್ಧ ಸಭೆಯನ್ನು ಬಾಯಿ ಕಟ್ಟಿ ಕೂರಿಸುವುದೇ ಇವತ್ತು ಸಭೆಗೆ ಅವಮಾನ ಎಂದು ಅವರು ಹೇಳುತ್ತಾರೆ.

ಆ ಹಿರಿಯರು ಮಾತ್ರ ತಾವು ಓದುವುದಿಲ್ಲ. ‘ನನಗೆ ಹಾಳೆ ಸಾಕು. ಗ್ರಂಥದ ಒಳಗೆ ಹೋಗುವುದೇ ನನ್ನ ಹೋರಾಟ. ಅಲ್ಲಿ ನಿಂತು ಹಾಡುವುದು ನನ್ನ ದಾರಿ ಅಲ್ಲ’ ಎಂದರು. ಅವರಿಗಿಂತ ದೊಡ್ಡ ಸ್ತ್ರೀವಾದಿಯನ್ನು ನಾನು ಕಂಡಿಲ್ಲ. ಆರ್ಥೊಡಾಕ್ಸ್ ಹೆಂಗಸರು ಎಂದರೆ ತುಳಿತಕ್ಕೆ ಒಗ್ಗಿಹೋದವರು ಎಂದು ಹೊರಗಿನವರು ತಿಳಿಯುತ್ತಾರೆ, ಅದು ನನಗೆ ಬೇಸರ ತರುತ್ತದೆ. 1997ರಲ್ಲಿ ಬ್ಲೂ ಗ್ರೀನ್‌ಬರ್ಗ್ ಮತ್ತು ಅವರ ಜೊತೆಗಾರರು ಆರ್ಥೊಡಾಕ್ಸ್ ಸ್ತ್ರೀವಾದಿ ಸಂಘಟನೆ ‘ಜೋಫಾ’ ಕಟ್ಟಿದರು. ಶಾಸ್ತ್ರದ ಒಳಗೇ ದಾರಿ ಇದೆ, ರಬ್ಬಿಗಳಿಗೆ ಮನಸ್ಸು ಬೇಕಷ್ಟೆ ಎಂಬುದು ಅವರ ನಿಲುವು.

ಇನ್ನೊಂದು ಪ್ರಶ್ನೆ ಮನಸ್ಸಿನಲ್ಲಿತ್ತು. ರಬ್ಬಿಯೊಬ್ಬರೇ ಇದ್ದಾಗ ಕೇಳಿದೆ. ಆ ದಿನವೇ ಮುಟ್ಟಾದರೆ?

ನಮ್ಮಜ್ಜಿ ಮುಟ್ಟಿನ ದಿನಗಳಲ್ಲಿ ಪ್ರಾರ್ಥನೆಯ ಪುಸ್ತಕ ಮುಟ್ಟಲು ಬಿಡುತ್ತಿರಲಿಲ್ಲ. ಓಣಿಯ ಬೇರೆ ಮನೆಗಳಲ್ಲೂ ಹಾಗೇ ಇತ್ತು. ಗೆಳತಿಯರು ಹಿತ್ತಲಲ್ಲಿ ಕೂರುತ್ತಿದ್ದರು. ಧರ್ಮ ಬೇರೆಯಾದರೂ ಈ ಒಂದು ವಿಷಯದಲ್ಲಿ ಎಲ್ಲ ಮನೆಯೂ ಒಂದೇ ಥರ. ಶಬರಿಮಲೆಯ ತೀರ್ಪು 2018ರಲ್ಲಿ ಬಂದಾಗ ಊರಿನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ನನಗೆ ನೆನಪಿದೆ. ರಬ್ಬಿ ಎದ್ದು ಕಪಾಟಿನಿಂದ ದೊಡ್ಡ ಯೆಹೂದಿ ಪಂಡಿತ ಮೈಮೋನಿಡೀಸರ ಶಾಸ್ತ್ರಗ್ರಂಥ ತೆಗೆದರು. 12ನೇ ಶತಮಾನದ ಪುಸ್ತಕ. ಬೆರಳಿಟ್ಟು ತೋರಿಸಿದರು. ಮುಟ್ಟಾದ ಹೆಣ್ಣು ಕೂಡ ತೋರಾ ಸುರುಳಿಯನ್ನು ಹಿಡಿಯಬಹುದು, ಓದಬಹುದು. ತೋರಾದ ಮಾತಿಗೆ ಮೈಲಿಗೆ ತಟ್ಟುವುದಿಲ್ಲ. ಕೈ ಮಾತ್ರ ಕೊಳೆಯಾಗಿರಬಾರದು.

ನನಗೆ ಅಳು ಬಂತು. ಅಜ್ಜಿಗೆ ಇದನ್ನು ಯಾರಾದರೂ ಓದಿ ಹೇಳಿದ್ದರೆ! ಎಂಟುನೂರು ವರ್ಷದಿಂದ ಪುಸ್ತಕದಲ್ಲಿದೆ. ಪುಸ್ತಕ ಓದುವವರು ಯಾರೂ ಅವಳ ತನಕ ಅದನ್ನು ತಂದಿರಲಿಲ್ಲ. ಹೆಂಗಸರು ತಾವೇ ಓದುವುದನ್ನು ಕಲಿಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮರುದಿನ ಆಯಿಗೆ ಎರಡೂ ಹೇಳಿದೆ, ಮೆಗಿಲ್ಲಾದ ಸಾಲು ಮತ್ತು ಮೈಮೋನಿಡೀಸರ ಮಾತು. ಅವಳು ‘ಹೌದೇನ?’ ಎಂದಳು. ಅಷ್ಟೇ. ವಾರ ಕಳೆಯುವುದರೊಳಗೆ ಮಾಮಾನಿಂದ ವಾಟ್ಸಾಪ್‌ನಲ್ಲಿ ಧ್ವನಿ ಬಂತು. ಹನ್ನೊಂದೂ ವಾಕ್ಯ, ನಿಧಾನವಾಗಿ, ಒಂದೊಂದು ವಾಕ್ಯಕ್ಕೂ ಬಿಡುವು ಕೊಟ್ಟು. ನಡುವೆ ಆಟೋ ಹಾರ್ನ್, ಕುಕ್ಕರ್ ಸೀಟಿ. ಕೊನೆಯಲ್ಲಿ ಮರಾಠಿಯಲ್ಲಿ ‘ಮೂರನೇ ವಾಕ್ಯದಲ್ಲಿ ಉಸಿರು ಹಿಡಿದುಕೋ, ಬಾಳಾ’ ಎಂದಿದ್ದರು. ಅವರ ಸಭೆಯಲ್ಲಿ ಹೆಂಗಸರು ಇವತ್ತಿಗೂ ಓದುವುದಿಲ್ಲ. ಆದರೂ ಕಲಿಸಿದರು.

ಇದೇ ಸಮಯದಲ್ಲಿ ಓದುತ್ತಾ ನನಗೆ ಡಾ. ಜೆರುಶಾ ಝಿರಾಡ್ ಅವರ ಕಥೆ ಸಿಕ್ಕಿತು. ನಮ್ಮ ಬೆನೆ ಇಸ್ರೇಲ್ ಹೆಣ್ಣುಮಗಳು, ಹುಟ್ಟಿದ್ದು ಶಿವಮೊಗ್ಗದಲ್ಲಿ. ಲಂಡನ್ನಿನಲ್ಲಿ ಓದಿ ಸ್ತ್ರೀರೋಗ ತಜ್ಞೆಯಾಗಿ, ಮುಂಬೈಯ ಕಾಮಾ ಆಸ್ಪತ್ರೆಯನ್ನು ವರ್ಷಗಟ್ಟಲೆ ನಡೆಸಿದವರು. 1966ರಲ್ಲಿ ಪದ್ಮಶ್ರೀ ಬಂತು. ಡಾಕ್ಟರ್ ಅಂತ ಅವರ ಹೆಸರು ಕೇಳಿದ್ದೆ. ಇಂಗ್ಲೆಂಡಿನಲ್ಲಿ ಲಿಬರಲ್ ಯೆಹೂದಿ ಚಳವಳಿ ಕಟ್ಟಿದ ಲಿಲಿ ಮಾಂಟಗು ಎಂಬ ಹೆಂಗಸಿನ ಪರಿಚಯ ಅವರಿಗಿತ್ತು. ಆ ಪ್ರಭಾವದಿಂದ 1925ರಲ್ಲಿ ಮುಂಬೈಯಲ್ಲೇ ಜ್ಯೂಯಿಶ್ ರಿಲಿಜಸ್ ಯೂನಿಯನ್ ಶುರುಮಾಡಿದರು ಎಂಬುದು ಗೊತ್ತಿರಲಿಲ್ಲ. ಮುಂದೆ ಅದೇ ರೋಡೆಫ್ ಶಾಲೋಮ್ ಸಿನಗಾಗ್ ಆಯಿತು. ಧರ್ಮದಲ್ಲಿ ಹೆಣ್ಣಿನ ಮಾತು ಅಮೆರಿಕದಿಂದ ಬಂದದ್ದು ಎಂದು ನಮ್ಮವರು ಹೇಳಿದಾಗೆಲ್ಲಾ ನಾನು ಶಿವಮೊಗ್ಗದ ಹೆಸರು ಹೇಳುತ್ತೇನೆ. ಕೊಚ್ಚಿಯ ಯೆಹೂದಿ ಹೆಂಗಸರಂತೂ ಮಲಯಾಳದ ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮದುವೆ ಹಬ್ಬಗಳಲ್ಲಿ ಗಂಡಸರ ಎದುರೇ ಹಾಡುತ್ತಿದ್ದರು.

ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಗೆಟ್. ಯೆಹೂದಿ ಶಾಸ್ತ್ರದಲ್ಲಿ ವಿಚ್ಛೇದನದ ಪತ್ರಕ್ಕೆ ಗೆಟ್ ಎನ್ನುತ್ತಾರೆ. ಅದನ್ನು ಗಂಡ ತನ್ನಿಚ್ಛೆಯಿಂದ ಹೆಂಡತಿಯ ಕೈಗೆ ಕೊಡಬೇಕು. ಸುಮಾರು ಸಾವಿರ ವರ್ಷದ ಹಿಂದೆ ರಬ್ಬಿ ಗೆರ್ಶೋಮ್ ಹೆಂಡತಿಯ ಒಪ್ಪಿಗೆಯಿಲ್ಲದೆ ಬಿಡುವಂತಿಲ್ಲ ಎಂದು ಕಟ್ಟು ಮಾಡಿದರು. ಆದರೆ ಗಂಡ ಕೊಡದಿದ್ದರೆ? ಅವಳು ಅಗುನಾ, ಕಟ್ಟಿಹಾಕಿದವಳು. ಮತ್ತೆ ಮದುವೆಯಾಗುವಂತಿಲ್ಲ. ಇನ್ನೊಬ್ಬನಿಂದ ಮಗು ಆದರೆ ಆ ಮಗುವಿಗೆ ಜೀವನಪೂರ್ತಿ ಕಳಂಕ. ನಮ್ಮ ಗುಂಪಿನ ಒಬ್ಬರ ತಂಗಿ ಹಾಗೆ ಕಾಯುತ್ತಿದ್ದಾಳೆ. ಕೋರ್ಟಿನಲ್ಲಿ ವಿಚ್ಛೇದನ ಮುಗಿದಿದೆ. ಗೆಟ್ ಕೊಡಲು ಗಂಡ ದುಡ್ಡು ಕೇಳುತ್ತಿದ್ದಾನೆ. ಅಕ್ಕ ಇದನ್ನು ಹೇಳುವಾಗ ಧ್ವನಿ ಏರಿಸಲಿಲ್ಲ. ಕೈಯಲ್ಲಿದ್ದ ಕಾಗದದ ಕರವಸ್ತ್ರವನ್ನು ಸಣ್ಣ ಸಣ್ಣದಾಗಿ ಹರಿಯುತ್ತಿದ್ದರು.

ಇಸ್ರೇಲಿನಲ್ಲಿ ಯೆಹೂದಿಗಳ ಮದುವೆ, ವಿಚ್ಛೇದನ 1953ರ ಕಾನೂನಿನಿಂದ ಪೂರ್ತಿ ರಬ್ಬಿಗಳ ಕೋರ್ಟಿನ ಕೈಯಲ್ಲಿದೆ. 1995ರ ಕಾನೂನು ಗೆಟ್ ಕೊಡದ ಗಂಡನ ಲೈಸೆನ್ಸ್ ಕಿತ್ತುಕೊಳ್ಳಬಹುದು, ಜೈಲಿಗೂ ಹಾಕಬಹುದು ಎಂದಿತು. ನ್ಯೂಯಾರ್ಕ್ ರಾಜ್ಯ 1983ರಲ್ಲೂ 1992ರಲ್ಲೂ ಕಾನೂನು ತಂದಿತು. ಈಗ ಮದುವೆಗೆ ಮುಂಚೆಯೇ ಕರಾರು ಬರೆಸಿಕೊಳ್ಳುವ ಪದ್ಧತಿ ಇದೆ. ಬೇರೆಯಾದ ಮೇಲೆ ಗೆಟ್ ಕೊಡುವ ತನಕ ಗಂಡ ದಿನಕ್ಕೆ ಇಷ್ಟು ಎಂದು ಹೆಂಡತಿಗೆ ಕಟ್ಟಬೇಕು. ಕೋರ್ಟಿನಲ್ಲಿ ನಿಲ್ಲುವ ಕಾಗದ ಅದು. ಆರ್ಥೊಡಾಕ್ಸ್ ಮದುವೆಗಳಲ್ಲೇ ಇದಕ್ಕೆ ಜಾಸ್ತಿ ಬೆಲೆ ಇದೆ.

ಈ ಗೆಟ್ ನಮ್ಮ ಇಡೀ ಜನಾಂಗವನ್ನೇ ಒಮ್ಮೆ ಕಟಕಟೆಗೆ ತಂದಿತ್ತು. 1960ರ ದಶಕದ ಆರಂಭದಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳ ಕಚೇರಿ ಬೆನೆ ಇಸ್ರೇಲ್ ಜೊತೆ ಮದುವೆ ಮಾಡಿಸುವ ಮುನ್ನ ವಂಶ ಪರೀಕ್ಷೆ ಮಾಡಿ ಎಂದು ಆದೇಶ ಹೊರಡಿಸಿತು. ಶತಮಾನಗಟ್ಟಲೆ ದೂರ ಇದ್ದ ಇವರಿಗೆ ವಿಚ್ಛೇದನದ ಶಾಸ್ತ್ರ ಗೊತ್ತಿತ್ತೇ ಎಂಬ ಅನುಮಾನ ಅದರ ಹಿಂದಿತ್ತು. ನಮ್ಮವರು ಬೀದಿಗಿಳಿದು ಧರಣಿ ಕೂತರು. 1964ರಲ್ಲಿ ಅದು ಹಿಂದೆ ಸರಿಯಿತು. ಇಸ್ರೇಲಿನ ದಿಮೋನಾದಲ್ಲಿರುವ ನನ್ನ ಮಾವ್ಶಿ, ಅಂದರೆ ಚಿಕ್ಕಮ್ಮ, ಆಗ ಹುಡುಗಿ. ‘ನಮ್ಮ ಅಜ್ಜಿಯರು ಯಾರ ಜೊತೆ ಬಾಳಿದರು ಅಂತ ಗುರುತು ಪರಿಚಯ ಇಲ್ಲದವರು ಕೇಳುತ್ತಿದ್ದರು’ ಎಂದು ಈಗಲೂ ಹೇಳುತ್ತಾರೆ.

ಮಾವ್ಶಿಗೆ ನಾನು ತೋರಾ ಓದುವುದು ಸೇರಲಿಲ್ಲ. ಯೆಹೂದಿಗಳಿಗೆ ಪವಿತ್ರವಾದ ಜೆರುಸಲೇಮಿನ ಪಶ್ಚಿಮ ಗೋಡೆಯ ಹತ್ತಿರ 1988ರಿಂದ ‘ಗೋಡೆಯ ಹೆಂಗಸರು’ ಎಂಬ ಗುಂಪು ಪ್ರತಿ ರೋಶ್ ಖೋದೆಶ್ ದಿನ ಸೇರಿ, ಪ್ರಾರ್ಥನೆಯ ಶಾಲು ಹೊದ್ದು ಗಟ್ಟಿಯಾಗಿ ಪ್ರಾರ್ಥಿಸುತ್ತದೆ. ಬೈಗುಳ ಕೇಳಿದ್ದಾರೆ, ಪೊಲೀಸರ ಕೈಗೆ ಸಿಕ್ಕಿದ್ದಾರೆ. 2013ರಲ್ಲಿ ಕೋರ್ಟು ಅವರ ಪರ ನಿಂತಿತು. 2016ರಲ್ಲಿ ಸರ್ಕಾರ ಗಂಡು ಹೆಣ್ಣು ಕೂಡಿ ಪ್ರಾರ್ಥಿಸುವ ಜಾಗವನ್ನು ಸರಿಯಾಗಿ ಕಟ್ಟಿಕೊಡುತ್ತೇವೆ ಎಂದು ಒಪ್ಪಿ, ಮರುವರ್ಷ ಕೈಬಿಟ್ಟಿತು. ‘ಆ ಗೋಡೆಗೆ ಹಣೆ ಹಚ್ಚಿ ಅಳೋದಕ್ಕೆ ನನಗೆ ಶಾಲು ಬೇಡ’ ಎನ್ನುತ್ತಾರೆ ಮಾವ್ಶಿ. ಅವರಿಗೆ ಅವರ ಅಳು ಸಾಕು. ನನಗೆ ಸಾಲದು. ಇಬ್ಬರೂ ಒಂದೇ ದೇವರ ಹತ್ತಿರ ಹೋಗುವವರು, ಅಲ್ವಾ?

ಹೊರಗಿನ ಜಗತ್ತು ನಮ್ಮ ಮೇಜಿಗೆ ಬಾರದೆ ಇರಲಿಲ್ಲ. 2022ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕು ತೆಗೆದುಹಾಕಿದಾಗ ನಮ್ಮ ನರ್ಸ್ ತಲ್ಮೂದಿನ ಮೂಲಭಾಗವಾದ ಮಿಷ್ನಾದ ಒಂದು ಸಾಲು ತಂದಿದ್ದರು. ಹೆರಿಗೆಯಲ್ಲಿ ತಾಯಿಯ ಜೀವಕ್ಕೆ ಅಪಾಯ ಬಂದರೆ, ಮಗುವಿನ ತಲೆ ಹೊರಬರುವ ತನಕ, ತಾಯಿಯ ಜೀವವೇ ಮೊದಲು. ಧರ್ಮ ಎಂದರೆ ಗರ್ಭಪಾತ ನಿಷೇಧ ಎಂದೇ ಎಲ್ಲರೂ ತಿಳಿದಿದ್ದಾರೆ, ನನ್ನ ಧರ್ಮ ಹಾಗೆ ಹೇಳುವುದಿಲ್ಲ ಎಂದರು. ಕೆಂಟಕಿಯಲ್ಲಿ ಮೂವರು ಯೆಹೂದಿ ಹೆಂಗಸರು ಇದೇ ವಾದ ಹಿಡಿದು ಕೋರ್ಟಿಗೆ ಹೋದರು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ ನಂತರ ಗುಂಪು ಒಡೆಯುವ ಹಾಗಾಯಿತು. ಒಬ್ಬರಿಗೆ ಅಲ್ಲಿ ಸತ್ತವರ ಪರಿಚಯವಿತ್ತು. ಇನ್ನೊಬ್ಬರು ಗಾಜಾದ ಮಕ್ಕಳ ಮಾತೆತ್ತಿ ಎದ್ದು ಹೋದರು. ಮತ್ತೆ ಕೂಡಿದ್ದು ವಿವಿಯನ್ ಸಿಲ್ವರ್ ಹೆಸರಿನಲ್ಲಿ ದೀಪ ಹಚ್ಚಲು. 2014ರಲ್ಲಿ ಶುರುವಾದ ‘ವಿಮೆನ್ ವೇಜ್ ಪೀಸ್’ ಎಂಬ ಶಾಂತಿ ಸಂಘಟನೆಯನ್ನು ಕಟ್ಟಿದವರಲ್ಲಿ ಅವರೊಬ್ಬರು. ಪ್ಯಾಲೆಸ್ಟೀನಿ ಹೆಂಗಸರ ಜೊತೆ ಸೇರಿ ಕೆಲಸ ಮಾಡುತ್ತಿದ್ದರು. ದಾಳಿಯ ದಿನವೇ ಇಸ್ರೇಲಿನ ಬೇರಿ ಎಂಬ ಕಿಬ್ಬುಟ್ಸ್‌ನಲ್ಲಿ ಕೊಲೆಯಾದರು. ದೀಪ ಹಚ್ಚಿದ ದಿನ ಯಾರೂ ವಾದ ಮಾಡಲಿಲ್ಲ. ಭಿನ್ನಾಭಿಪ್ರಾಯ ಹಾಗೇ ಇದೆ. ಗುಂಪೂ ಇದೆ.

ಓದುವ ವಾರದ ಗುರುವಾರ ಆ ಆರ್ಥೊಡಾಕ್ಸ್ ಹಿರಿಯರು ನನ್ನನ್ನು ತಮ್ಮ ಮನೆಗೆ ಕರೆದರು. ಗಂಡು ಹೆಣ್ಣು ಒಟ್ಟಿಗೆ ಕೂರುವ ನಮ್ಮ ಸಿನಗಾಗಿಗೆ ಅವರು ಪ್ರಾರ್ಥನೆಗೆ ಬರುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಸಬ್ಬತ್ತಿನ ಬ್ರೆಡ್ಡಿಗೆ ಹಿಟ್ಟು ಉಬ್ಬುತ್ತಿತ್ತು. ನಾನು ನಿಂತು ಹನ್ನೊಂದೂ ವಾಕ್ಯ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮಾಮಾನ ರಾಗ ಅವರಿಗೆ ಹೊಸದು. ‘ಇನ್ನೊಮ್ಮೆ’ ಎಂದರು.

ಶನಿವಾರ ಬೆಳಗ್ಗೆ ಹೆಸರು ಹಿಡಿದು ಕರೆದರು. ಹೀಬ್ರೂವಿನಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಸೇರಿಸಿ. ಶಾಲು ಹೊದ್ದು ಮೇಲೆ ಹೋದೆ. ಸುರುಳಿ ತೆರೆದಿತ್ತು. ಚರ್ಮದ ಹಾಳೆ ಅಂಚಿನಲ್ಲಿ ಸ್ವಲ್ಪ ಕಂದಾಗಿತ್ತು. ಮಸಿ ಕೆಲವು ಕಡೆ ಮಿಂಚುತ್ತಿತ್ತು, ಕೆಲವು ಕಡೆ ಮಾಸಿತ್ತು. ಅಕ್ಷರದ ಮೇಲೆ ಬೆರಳಿಡುವಂತಿಲ್ಲ. ಅದಕ್ಕೆ ಯಾದ್ ಎಂಬ ಬೆಳ್ಳಿಯ ಕಡ್ಡಿ, ತುದಿಯಲ್ಲಿ ಪುಟ್ಟ ಕೈ, ಚಾಚಿದ ತೋರುಬೆರಳು. ಎಡಕ್ಕೊಬ್ಬರು ಬಲಕ್ಕೊಬ್ಬರು ಪುಸ್ತಕ ಹಿಡಿದು ನಿಂತಿರುತ್ತಾರೆ. ಒಂದು ಪದ ತಪ್ಪಿದರೂ ಗಟ್ಟಿಯಾಗಿ ತಿದ್ದುತ್ತಾರೆ, ಅದನ್ನು ಮತ್ತೆ ಓದಲೇಬೇಕು. ಐದನೇ ವಾಕ್ಯದಲ್ಲಿ, ಮೋಶೆ ಆ ಹೆಣ್ಣುಮಕ್ಕಳ ಮೊಕದ್ದಮೆಯನ್ನು ದೇವರ ಮುಂದೆ ಇಟ್ಟ ಎಂಬಲ್ಲಿ, ಒಂದು ಕೊನೆಯ ಅಕ್ಷರವನ್ನು ಉಳಿದವಕ್ಕಿಂತ ದೊಡ್ಡದಾಗಿ ಬರೆದಿರುತ್ತಾರೆ. ಸುರುಳಿಗಳಲ್ಲಿ ಹಾಗೆ ಬರೆಯುವುದು ಪದ್ಧತಿ. ಟಿಕ್ಕುನ್‌ನಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ. ಸುರುಳಿಯ ಮೇಲೆ, ಯಾರೋ ಕೈಯಾರೆ ಬರೆದ ಆ ಉದ್ದನೆಯ ಗೆರೆಯ ಮೇಲೆ ಬೆಳ್ಳಿಯ ಬೆರಳು ಬಂದಾಗ ಉಸಿರು ಬಿಗಿಯಾಯಿತು. ರಾಗ ಕೈಬಿಡಲಿಲ್ಲ.

ಓದಿದ ಮೇಲೆ ಪಾಠದ ಬಗ್ಗೆ ನಾಲ್ಕು ಮಾತಾಡುವ ಪದ್ಧತಿ. ನಾನು ಹುಬ್ಬಳ್ಳಿಯ ನನ್ನ ಗೆಳತಿಯ ಬಗ್ಗೆ ಹೇಳಿದೆ. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅವಳ ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಆಮೇಲೆ ಸೀರೆ ಕುಪ್ಪಸ ಕೊಟ್ಟು ಉಡಿ ತುಂಬಿ ಕಳಿಸಿದರು. ಪಾಲು ಕೇಳಿದರೆ ತವರು ತಪ್ಪುತ್ತದೆ ಎಂಬ ಹೆದರಿಕೆ ಅವಳಿಗೆ. ಕಾನೂನು ಬದಲಾದರೆ ಸಾಲದು, ಬಾಗಿಲಲ್ಲಿ ನಿಂತು ಕೇಳುವ ಅಕ್ಕತಂಗಿಯರು ಬೇಕು, ಅವರ ಜೊತೆ ನಿಲ್ಲುವ ಸಭೆಯೂ ಬೇಕು ಎಂದೆ. ಆ ಐವರ ಬಾಯಲ್ಲಿ ನಮ್ಮ ಹಳೆಯ ವ್ಯಾಖ್ಯಾನಕಾರರು ಒಂದು ಮಾತು ಆಡಿಸಿದ್ದಾರೆ. ಮನುಷ್ಯರ ಕರುಣೆ ಗಂಡಿನ ಮೇಲೆ ಜಾಸ್ತಿ, ದೇವರ ಕರುಣೆ ಎಲ್ಲರ ಮೇಲೂ ಒಂದೇ. ಅದನ್ನೂ ಹೇಳಿದೆ. ಮಕ್ಕಳು ಪದ್ಧತಿಯಂತೆ ನನ್ನ ಮೇಲೆ ಮಿಠಾಯಿ ಎಸೆದರು.

ಊಟಕ್ಕೆ ಹಿಂದಿನ ದಿನವೇ ಮಲಿದಾ ಕಲಸಿ ಇಟ್ಟಿದ್ದೆ. ತಟ್ಟೆ ಹಿಡಿದುಕೊಂಡೇ ಒಬ್ಬ ಮುದುಕರು ಬಂದು ಬಿಡದೆ ಕೇಳಿದರು. ‘ಆದರೆ 36ನೇ ಅಧ್ಯಾಯದಲ್ಲಿ ಕುಲದ ಹಿರಿಯರು ತಕರಾರು ತೆಗೆಯುತ್ತಾರಲ್ಲ? ಆಸ್ತಿ ಬೇರೆ ಕುಲಕ್ಕೆ ಹೋಗಬಾರದು ಅಂತ ಆ ಹುಡುಗಿಯರು ತಮ್ಮ ಕುಲದಲ್ಲೇ ಮದುವೆ ಆಗಬೇಕಾಯಿತು. ಅದಕ್ಕೇನು ಹೇಳ್ತೀರಿ?’ ಅದು ನಿಜ. ಕೊಟ್ಟ ಕೈಯೇ ಅರ್ಧ ಕಿತ್ತುಕೊಂಡಿತು. ಅವರು ಕೇಳಿದ್ದೂ ಅಪ್ಪನ ಹೆಸರಿನಲ್ಲೇ, ತಮ್ಮ ಹೆಸರಿನಲ್ಲಿ ಅಲ್ಲ. ಸಭೆ ಕೇಳಿಸಿಕೊಳ್ಳುವ ಮಾತಿನಲ್ಲಿ ಕೇಳಿದರು. ಅದು ಜಾಣತನವೋ, ಬೇರೆ ದಾರಿ ಇರಲಿಲ್ಲವೋ, ನಮ್ಮ ಗುಂಪಿನಲ್ಲಿ ಈಗಲೂ ಜಗಳ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, 36ನೇ ಅಧ್ಯಾಯ ಇದೆ ಅಂತ 27ನೇ ಅಧ್ಯಾಯ ಸುಳ್ಳಾಗುವುದಿಲ್ಲ. ಮೋಶೆಯ ನಂತರ ನಾಯಕನಾದ ಯೆಹೋಶುವನ ಕಾಲದಲ್ಲಿ ಅವರಿಗೆ ನೆಲ ಸಿಕ್ಕಿತು. ಅದೂ ಬರೆದಿದೆ.

ಕತ್ತಲಾಗಿ ಸಬ್ಬತ್ ಮುಗಿದ ಮೇಲೆ ಆಯಿಗೆ ಫೋನ್ ಹಚ್ಚಿದೆ. ಠಾಣೆಯಲ್ಲಿ ಭಾನುವಾರ ಬೆಳಗಾಗಿತ್ತು. ಮಾಮಾ ಪಕ್ಕದಲ್ಲೇ ಕೂತಿದ್ದರು. ಸಬ್ಬತ್ತಿನ ದಿನ ರೆಕಾರ್ಡ್ ಮಾಡುವಂತಿಲ್ಲವಾದ್ದರಿಂದ ಅವರಿಗಾಗಿ ಫೋನಿನಲ್ಲೇ ಮತ್ತೆ ಪೂರ್ತಿ ಓದಿದೆ. ಮೂರನೇ ವಾಕ್ಯದಲ್ಲಿ ಉಸಿರು ಸರಿಯಾಯಿತು ಎಂದರು ಮಾಮಾ. ಆಯಿ ಬೇರೆಯದೇ ಕೇಳಿದಳು. ನನ್ನ ಅಣ್ಣನ ಮಗಳಿಗೆ ಬರುವ ವರ್ಷ 12 ತುಂಬುತ್ತದೆ. ಅವಳಿಗೂ ಕಲಿಸಬಹುದಲ್ಲ?

ಮಾಮಾ ಈಗ ಭಾನುವಾರ ಭಾನುವಾರ ಅವಳನ್ನು ಕೂರಿಸಿಕೊಂಡು ಕಲಿಸುತ್ತಿದ್ದಾರೆ. ಅಲ್ಲಿನ ಸಭೆಯಲ್ಲಿ ಓದಲು ಬಿಡುತ್ತಾರೋ ಇಲ್ಲವೋ ತೀರ್ಮಾನ ಆಗಿಲ್ಲ. ಕಮಿಟಿಯವರ ಹತ್ತಿರ ನಾನೇ ಹೋಗಿ ಕೇಳುತ್ತೇನೆ ಎಂದು ಹುಡುಗಿ ಹೇಳಿದ್ದಾಳೆ. ಮೆಗಿಲ್ಲಾದ ಆ ಹಾಳೆಯ ಜೆರಾಕ್ಸ್ ಕಳಿಸು ಎಂದು ಮೊನ್ನೆ ಮೆಸೇಜ್ ಮಾಡಿದ್ದಳು. ಕಳಿಸಿದ್ದೇನೆ.